ಕೆನ್ನೆಯೊಳಗಿನ ತುಂಡು

ಪಂಕ್ಚರ್ ಅಂಗಡಿಯವನಿಗೆ ಈ ಲೋಕದಲ್ಲಿ ಮೈ ಉರಿಸುವ ಮಾತು ಒಂದೇ ಒಂದು: "ಸ್ವಲ್ಪ ಕಾಯಿರಿ." ಯಾರಾದರೂ ಬೈದರೆ ತಿರುಗಿ ಬೈದು ಅಲ್ಲಿಗೇ ಮರೆತುಬಿಡುತ್ತಿದ್ದ. ಕಾಯಿರಿ ಅಂದವರನ್ನು ಮಾತ್ರ ಮರೆಯುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾಗ ಒಳಗೆ ಮಗು ಅತ್ತದ್ದು ಕೇಳಿಸಿತ್ತು. ಬಾಗಿಲು ತೆರೆದ ನರ್ಸು ಗಂಡು ಅನ್ನಲಿಲ್ಲ, ಹೆಣ್ಣು ಅನ್ನಲಿಲ್ಲ. ಗೋಡೆ ಕಡೆ ನೋಡುತ್ತ "ಸ್ವಲ್ಪ ಕಾಯಿರಿ, ಡಾಕ್ಟರು ಬಂದು ಹೇಳ್ತಾರೆ" ಅಂದಳು.

"ಏನು ಹೇಳೋದು? ಬದುಕಿದೆ ತಾನೆ?"

"ಬದುಕಿದೆ."

"ತಾಯಿ?"

"ಚೆನ್ನಾಗಿದ್ದಾರೆ."

"ಮತ್ತೆ ಗಂಡೋ ಹೆಣ್ಣೋ ಅನ್ನೋಕೆ ನಿಮಗೇನು ರೋಗ?"

ಬಾಗಿಲು ಮುಚ್ಚಿಕೊಂಡಿತು. ಮೂರು ಗಂಟೆ ಅವನು ಆ ಬಾಗಿಲಿನ ಬಣ್ಣ ನೋಡುತ್ತ ನಿಂತ. ಆಮೇಲೆ ಬಂದವರು, ಗಂಡೇ, ಆದರೆ ಮೂತ್ರ ಬರುವ ತೂತು ಇರಬೇಕಾದ ಕಡೆ ಇಲ್ಲ, ಕೆಳಗೆ ಬುಡದಲ್ಲಿದೆ, ಅಂಗವೂ ಬಾಗಿದೆ, ಈಗಲೇ ಏನೂ ಮಾಡೋಕಾಗಲ್ಲ, ಕಾಯಿರಿ ಅಂದರು. ಕಾದ. ವರ್ಷ ತುಂಬಿದ ಮೇಲೆ ಹೋದರೆ ಇನ್ನೊಬ್ಬರು ಇನ್ನೂ ಸಣ್ಣವನು ಅಂದರು. ಮತ್ತೊಬ್ಬರು ನಮ್ಮ ಕೈಲಾಗಲ್ಲ ಅಂದರು. ಇದನ್ನೇ ಮಾಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಅಂತ ಹೇಳುವಷ್ಟು ಬಾಯಿ ಒಬ್ಬರಿಗೂ ಇರಲಿಲ್ಲ. ಅದನ್ನು ಕೊನೆಗೆ ಹೇಳಿದ್ದು ಅಂಗಡಿಗೆ ಸ್ಕೂಟರ್ ತಳ್ಳಿಕೊಂಡು ಬಂದ ಯಾವನೋ ಔಷಧಿ ಮಾರುವವನು. ಓದಿದವರ ಬಾಯಲ್ಲಿ ನಾಲ್ಕು ವರ್ಷ ಸಿಗದ ಉತ್ತರ ಒಂದು ತೂತು ಟೈರಿನಿಂದ ಸಿಕ್ಕಿತು.

ಮಗನನ್ನು ಎಲ್ಲರೂ ನಟ್ಟು ಅಂತಲೇ ಕರೆಯುತ್ತಿದ್ದರು. ಗುಂಡಗೆ, ಗಟ್ಟಿಯಾಗಿ ಇದ್ದ. ಮೂರು ತುಂಬುವುದರೊಳಗೆ ಅಂಗಡಿಯ ಡಬ್ಬಿ ಸುರಿದುಕೊಂಡು ಯಾವ ನಟ್ಟು ಯಾವ ಬೋಲ್ಟಿಗೆ ಅಂತ ಜೋಡಿಸಿಡುತ್ತಿದ್ದ. ಎದುರಿನ ಕಟಿಂಗ್ ಅಂಗಡಿಯವನು ಗಿರಾಕಿ ಇಲ್ಲದ ಹೊತ್ತಲ್ಲಿ ಬಂದು ಕೂತು, "ಏನೋ ಮೇಸ್ತ್ರಿ, ನಿಮ್ಮಪ್ಪನಿಗೆ ಸಂಬಳ ಸರಿಯಾಗಿ ಕೊಡ್ತಿದ್ದೀಯಾ?" ಅಂತ ಕೆಣಕುತ್ತಿದ್ದ. "ಅಪ್ಪ ಬೈತಾನೆ, ಅವನಿಗೆ ಸಂಬಳ ಇಲ್ಲ" ಅಂತ ನಟ್ಟು ತಲೆ ಎತ್ತದೆ ಹೇಳುತ್ತಿದ್ದ.

ಶಾಲೆಗೆ ಹಾಕಿದ ಹತ್ತನೇ ದಿನಕ್ಕೆ ಮಿಸ್ಸು ಕರೆಸಿದರು. ಎಲ್ಲ ಹುಡುಗರೂ ಸಾಲಾಗಿ ನಿಂತು ಉಚ್ಚೆ ಹೊಯ್ಯುವಾಗ ಇವನು ಕೂತುಬಿಟ್ಟನಂತೆ. ನಿಂತರೆ ತೊಡೆಯ ಮೇಲೆಲ್ಲ ಸುರಿಯುತ್ತಿತ್ತು, ಪಾಪ, ಇನ್ನೇನು ಮಾಡಿಯಾನು. ಹುಡುಗರು ಚಡ್ಡಿ ಎಳೆದು ನೋಡಿ ಊಳಿಟ್ಟಿದ್ದಾರೆ. ಮಿಸ್ಸು ತುಂಬ ಒಳ್ಳೆಯವರ ಹಾಗೆ, "ಸರಿ ಮಾಡಿಸ್ಕೊಂಡು ಆಮೇಲೆ ಕರ್ಕೊಂಡು ಬನ್ನಿ, ಅಲ್ಲಿವರೆಗೂ ಕಾಯೋಣ" ಅಂದರು. ಪಂಕ್ಚರಿನವನು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಮನೆಗೆ ಬಂದ.

ಡಾಕ್ಟರಮ್ಮ ಕುಳ್ಳಗಿದ್ದರು, ಮಾತು ನೇರ. ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು.

"ನೋಡಪ್ಪ, ತೂತು ಇಲ್ಲಿ ತುದೀಲಿ ಇರ್ಬೇಕಿತ್ತು. ಇವನಿಗೆ ಇಲ್ಲಿ, ಬುಡದಲ್ಲಿದೆ. ಅಲ್ಲಿಂದ ತುದಿವರೆಗೂ ಕೊಳವೆನೇ ಬೆಳೆದಿಲ್ಲ. ಅದಕ್ಕೇ ಬಿಲ್ಲಿನ ಥರ ಕೆಳಗೆ ಬಗ್ಗಿರೋದು. ಮೊದಲು ನೆಟ್ಟಗೆ ಮಾಡ್ತೀನಿ. ನೆಟ್ಟಗೆ ಮಾಡಿದ್ರೆ ಕೆಳಗಡೆ ಚರ್ಮ ಸಾಲಲ್ಲ. ಅಲ್ಲಿಗೆ ಕೆನ್ನೆ ಒಳಗಿಂದ ಒಂದು ತುಂಡು ತೆಗೆದು ಹಾಸ್ತೀನಿ. ಆರು ತಿಂಗಳು ಬಿಟ್ಟು ಅದನ್ನೇ ಸುತ್ತಿ ಕೊಳವೆ ಮಾಡ್ತೀನಿ."

"ಬಾಯಿಂದ ತೆಗೆದದ್ದು ಅಲ್ಲಿ ಹಿಡಿಯುತ್ತಾ?"

"ಬಾಯೊಳಗಿನ ಚರ್ಮಕ್ಕೆ ಸದಾ ಒದ್ದೆಯಲ್ಲಿದ್ದೇ ಅಭ್ಯಾಸ. ಅಲ್ಲಿಗೆ ಅದೇ ಸರಿ."

"ಪ್ಯಾಚು ಅನ್ನಿ."

ಡಾಕ್ಟರಮ್ಮ ನಕ್ಕರು. "ಪ್ಯಾಚೇ. ಆದ್ರೆ ನಿನ್ನದು ಅಂಟಿನಿಂದ ನಿಲ್ಲುತ್ತೆ, ನನ್ನದು ರಕ್ತದಿಂದ ನಿಲ್ಬೇಕು. ಕೆಳಗಿನ ಮಾಂಸದಿಂದ ಕೂದಲಿಗಿಂತ ಸಣ್ಣ ರಕ್ತನಾಳ ಹುಟ್ಟಿ ಅದರೊಳಗೆ ಹೋಗ್ಬೇಕು. ಅಷ್ಟರೊಳಗೆ ಚೂರು ಅಲ್ಲಾಡಿದ್ರೂ ನಾಳ ಹರಿದು ತುಂಡು ಸಾಯುತ್ತೆ. ಅದಕ್ಕೇ ಮೇಲೆ ಹತ್ತಿ ಇಟ್ಟು ನೂಲಿಂದ ಬಿಗಿದು ಕಟ್ಟಿರ್ತೀನಿ. ಏಳು ದಿನ ಯಾರೂ ಮುಟ್ಟಬಾರ್ದು. ನಾನೂ ಮುಟ್ಟಲ್ಲ."

"ಏಳು ದಿನ ಬಿಚ್ಚಿ ನೋಡೋದೇ ಬೇಡ್ವಾ? ನಾನು ನೀರಲ್ಲಿ ಅದ್ದಿ ನೋಡದೆ ಒಂದು ಟ್ಯೂಬೂ ವಾಪಸ್ ಕೊಟ್ಟೋನಲ್ಲ."

"ನಿನ್ನ ಟ್ಯೂಬಿಗೆ ಜೀವ ಇಲ್ಲ ಕಣಪ್ಪ. ಕಾಯ್ಬೇಕು."

ಇವರೂ ಅದನ್ನೇ ಅಂದರು. ಆದರೆ ಇವರು ಮುಖ ನೋಡಿ ಅಂದರು, ಅದಕ್ಕೇ ಒಪ್ಪಿಕೊಂಡ.

ಆಪರೇಷನ್ ಆದ ಮೇಲೆ ನಟ್ಟುವಿನ ಎಡಗೆನ್ನೆ ಬೋರೆಹಣ್ಣು ಅಡಗಿಸಿಟ್ಟ ಹಾಗೆ ಊದಿಕೊಂಡಿತ್ತು. ಹೊಟ್ಟೆಗೆ ಅಂಟಿಸಿದ ಸಣ್ಣ ನಳಿಕೆಯೊಂದು ಮೂತ್ರವನ್ನು ಚೀಲಕ್ಕೆ ಇಳಿಸುತ್ತಿತ್ತು. ತಣ್ಣನೆ ಹಾಲು ಬಿಟ್ಟು ಬೇರೇನೂ ನುಂಗಲಾಗದು, ಮಾತಾಡಿದರೆ ನೋವು. ತಾಯಿ ಮಂಚದ ಪಕ್ಕದ ಕಬ್ಬಿಣದ ಕುರ್ಚಿ ಬಿಟ್ಟು ಏಳಲಿಲ್ಲ. ಕೂತಲ್ಲೇ ತೂಕಡಿಸಿ, ಬೆಚ್ಚಿ ಎದ್ದು, ಮಗನ ಕೈ ಎಲ್ಲಿದೆ ಅಂತ ನೋಡುವಳು. ಗಂಡ ಬೆಳಿಗ್ಗೆ ಅಂಗಡಿ ತೆರೆದು ಮಧ್ಯಾಹ್ನ ಬರುತ್ತಿದ್ದ.

ಐದನೇ ದಿನ ಭಾನುವಾರ. ಅವನು ಬಂದೊಡನೆ ಹೆಂಡತಿ ಟವೆಲ್ ಹೆಗಲಿಗೆ ಹಾಕಿಕೊಂಡಳು.

"ರೀ, ಐದು ದಿನದಿಂದ ತಲೆಗೆ ನೀರು ಬಿದ್ದಿಲ್ಲ, ನನ್ನ ವಾಸನೆ ನನಗೇ ತಡೆಯೋಕಾಗ್ತಿಲ್ಲ. ಅರ್ಧ ಗಂಟೆ ನೋಡ್ಕೊಳ್ಳಿ. ಅವನ ಕೈ ಮೇಲೆ ಕಣ್ಣಿರಲಿ."

"ಹೋಗು ಮಾರಾಯ್ತಿ. ನನ್ನ ಮಗನೇ ತಾನೇ, ನಾನೇನು ಬೇರೆಯವನಾ?"

ಅವಳು ಹೋದ ಮೇಲೆ ಹೊದಿಕೆ ಸರಿಸಿದ. ಒಂದು ವಾಸನೆ ಬಂತು. ಹಳೆಯ ರಕ್ತದ್ದೋ, ಕೊಳೆತದ್ದೋ, ಅವನಿಗೆ ತಿಳಿಯಲಿಲ್ಲ. ಹತ್ತಿಯ ಅಂಚು ಕಪ್ಪಾಗಿತ್ತು. ವಾರ್ಡಿನ ತುದಿಯಲ್ಲಿ ಬರೆಯುತ್ತ ಕೂತಿದ್ದ ಸಿಸ್ಟರ್ ಹತ್ತಿರ ಹೋದ.

"ಸಿಸ್ಟರ್, ವಾಸನೆ ಬರ್ತಿದೆ. ಒಂದ್ಸಲ ನೋಡಿ."

"ಜ್ವರ ಇಲ್ಲ, ಬೆಳಿಗ್ಗೆ ನೋಡಿದೀನಿ. ರಕ್ತ ಒಣಗಿದ್ರೆ ವಾಸನೆ ಬಂದೇ ಬರುತ್ತೆ."

"ಅಂಚು ಕಪ್ಪಾಗಿದೆ."

"ಅದೂ ರಕ್ತನೇ. ಮಂಗಳವಾರ ಡಾಕ್ಟ್ರು ಬಿಚ್ತಾರೆ. ಸ್ವಲ್ಪ ಕಾಯಿರಿ."

ತಲೆ ಎತ್ತಲಿಲ್ಲ ಅವಳು. ತಲೆ ಎತ್ತಿ ಹೇಳಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ನಾಲ್ಕು ವರ್ಷದ ಉರಿಯೆಲ್ಲ ಒಂದೇ ಸಲಕ್ಕೆ ಅವನ ನೆತ್ತಿಗೇರಿತು. ಕೊಳೆತ ಮೇಲೆ ಬಿಚ್ಚಿ, ಅಯ್ಯೋ ಅಂತ ತಲೆಯಾಡಿಸಿ ಇನ್ನೊಂದು ವರ್ಷ ಕಾಯಿರಿ ಅನ್ನುತ್ತಾರೆ, ಇವರಪ್ಪನ ಮನೆ ಗಂಟೇನು ಹೋಗುತ್ತೆ? ಪ್ಯಾಚಿನ ಅಂಚು ಎದ್ದರೆ ಆಗಲೇ ನೋಡಬೇಕು, ಬಿಟ್ಟರೆ ಟ್ಯೂಬೇ ಹಾಳು. ಇದು ಅವನಿಗೆ ಹನ್ನೊಂದನೇ ವಯಸ್ಸಿನಿಂದ ಗೊತ್ತಿದ್ದ ಸತ್ಯ. ಅವನ ಹತ್ತಿರ ಇದ್ದದ್ದೂ ಅದೊಂದೇ ವಿದ್ಯೆ.

ಕೈ ತೊಳೆದ. ಸೋಪು ಹಾಕಿ ಎರಡು ಸಲ ತೊಳೆದ.

"ಅಪ್ಪ ಒಂಚೂರು ನೋಡ್ತೀನಿ, ಹೆದರ್ಬೇಡ" ಅಂದ. ನಟ್ಟು ಊದಿದ ಬಾಯಲ್ಲಿ "ಹೂಂ" ಅಂದ. ಅಪ್ಪನ ಕೈಯಲ್ಲಿ ರಿಪೇರಿಯಾಗದ್ದು ಯಾವುದೂ ಇಲ್ಲ ಅಂತ ಅವನ ನಂಬಿಕೆ.

ಹತ್ತಿಯನ್ನು ಬಿಗಿದ ನೂಲುಗಳಲ್ಲಿ ಎರಡನ್ನು ಉಗುರಿನಿಂದ ಜಗ್ಗಿ ಬಿಡಿಸಿದ. ಹತ್ತಿ ಒಂದು ಕಡೆ ಎದ್ದಿತು. ಒಳಗೆ ಆ ತುಂಡು ಕಾಣಿಸಿತು: ಕಿರುಬೆರಳಿನಷ್ಟು ಉದ್ದ, ಜಜ್ಜಿದ ನೇರಳೆ ಹಣ್ಣಿನ ಬಣ್ಣ, ಮಧ್ಯದಲ್ಲಿ ಚೂರೇ ಚೂರು ಉಬ್ಬಿತ್ತು. ಕೆಳಗೆ ಗಾಳಿಯೋ ನೀರೋ ನಿಂತಿದೆ ಅನಿಸಿತು. ಅವನ ಹೆಬ್ಬೆರಳಿಗೆ ಯೋಚಿಸುವ ಅಭ್ಯಾಸ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಮಾಡುವ ಹಾಗೆ ಮಧ್ಯದಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತಿ ಸವರಿತು.

ತುಂಡು ಜಾರಿತು. ಒದ್ದೆ ಗಾಜಿನ ಮೇಲೆ ಎಲೆ ಜಾರಿದಷ್ಟು ಸುಲಭವಾಗಿ. ಅಡಿಯಿಂದ ಹೊಸ ಕೆಂಪು ರಕ್ತ ಉಕ್ಕಿ ಅಂಚಿಗೆ ಬಂತು. ನಟ್ಟು ಕಿರುಚಲಿಲ್ಲ. ಕಿರುಚಲು ಬಾಯಿ ತೆರೆಯಲಾಗದೆ ಮೂಗಿನಲ್ಲೇ ಒಂದು ಸದ್ದು ಮಾಡಿದ.

ಅಪ್ಪ ಗಡಿಬಿಡಿಯಲ್ಲಿ ತುಂಡನ್ನು ಮೊದಲಿದ್ದ ಕಡೆಗೆ ಸರಿಸಲು ನೋಡಿದ, ಹತ್ತಿ ಒತ್ತಿದ, ನೂಲಿನ ತುದಿಗಳನ್ನು ಒಳಗೆ ಸಿಕ್ಕಿಸಿ ಹೊದಿಕೆ ಎಳೆದ. ಕೂಗಿ ಹೇಳಿಬಿಡಬೇಕು ಅನಿಸಿತು. ಸಿಸ್ಟರ್ ಇನ್ನೂ ಬರೆಯುತ್ತಲೇ ಇದ್ದಳು. ಅವನು ಮಗನ ಕಿವಿಯ ಹತ್ತಿರ ಬಗ್ಗಿದ.

"ಅಪ್ಪ ನೋಡಿದ್ದು ಅಂತ ಯಾರಿಗೂ ಹೇಳ್ಬೇಡ. ಅಮ್ಮಂಗೂ ಹೇಳ್ಬೇಡ. ಆಯ್ತಾ?"

ಕಣ್ಣಲ್ಲಿ ನೀರಿಟ್ಟುಕೊಂಡೇ ನಟ್ಟು ತಲೆಯಾಡಿಸಿದ.

ಮಂಗಳವಾರ ಡ್ರೆಸಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಹತ್ತಿ ಎತ್ತಿ, ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. ತುಂಡು ಬೂದಿ ಬಣ್ಣಕ್ಕೆ ತಿರುಗಿ, ಇಕ್ಕಳ ತಾಗಿದೊಡನೆ ಹಾಳೆಯ ಹಾಗೆ ಎದ್ದು ಬಂತು. ಅಡಿಯಲ್ಲಿ ಹೆಪ್ಪುಗಟ್ಟಿದ ರಕ್ತ.

"ಎರಡು ನೂಲು ಕಿತ್ತಿದೆ. ಯಾರು ಕೈ ಹಾಕಿದ್ದು?"

"ಯಾರೂ ಇಲ್ಲ ಡಾಕ್ಟ್ರೇ!" ತಾಯಿ ಎದೆ ಹಿಡಿದುಕೊಂಡಳು. "ನಾನು ಪಕ್ಕದಿಂದ ಎದ್ದೇ ಇಲ್ಲ. ಭಾನುವಾರ ಸ್ನಾನಕ್ಕೆ ಹೋದಾಗ ಇವರಿದ್ರು."

ಡಾಕ್ಟರಮ್ಮ ಅವನ ಕಡೆ ತಿರುಗಿದರು. ಹೆಂಡತಿಯೂ ತಿರುಗಿದಳು. ಹೇಳಬೇಕಾದದ್ದು ಎರಡೇ ಅಕ್ಷರ, ನಾನು. ಅವನ ಬಾಯಿಂದ ಬಂದದ್ದು ಬೇರೆ.

"ಅವನೇ ಇರ್ಬೇಕು. ನಿದ್ದೇಲಿ ಕೆರ್ಕೊಂಡಿರ್ಬೇಕು."

"ಹೌದೇನೋ?" ತಾಯಿ ಮಗನ ಗಲ್ಲ ಹಿಡಿದಳು. "ಕೈ ಹಾಕಿದ್ಯೇನೋ? ಹೇಳೋ! ಅಷ್ಟು ಬಡ್ಕೊಂಡಿದ್ನಲ್ಲೋ, ಮುಟ್ಟಬೇಡ ಅಂತ!"

ನಟ್ಟು ಅಪ್ಪನ ಮುಖ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿ "ಹೂಂ" ಅಂದ.

ತಾಯಿ ಎತ್ತಿದ ಕೈಯನ್ನು ಅವನಿಗೆ ಹೊಡೆಯಲಾರದೆ ತನ್ನ ಹಣೆಗೇ ಹೊಡೆದುಕೊಂಡಳು. ಡಾಕ್ಟರಮ್ಮ "ಮಗು ಅದು, ಬೈಬೇಡಿ" ಅಂದರು. ಜಾಗ ಮಾಯಲಿ, ಆರು ತಿಂಗಳ ಮೇಲೆ ಬಲಗೆನ್ನೆಯಿಂದ ತೆಗೆಯೋಣ ಅಂದರು. ಇನ್ನು ಉಳಿದದ್ದು ಆ ಒಂದೇ ಕೆನ್ನೆ, ಅದೂ ಹೋದರೆ ತುಟಿಯಿಂದ ತೆಗೀಬೇಕಾಗುತ್ತೆ, ತುಟಿ ಸೊಟ್ಟಗಾಗಬಹುದು, ಈ ಸಲ ಮೊಣಕೈ ಮಡಚದ ಹಾಗೆ ಎರಡೂ ಕೈ ಕಟ್ಟಿಡ್ತೀವಿ ಅಂದರು. ಅವನು ಎಲ್ಲಕ್ಕೂ ತಲೆಯಾಡಿಸಿದ.

ಮನೆಗೆ ಬಂದ ಮೇಲೆ ಹೇಳೋಣ ಅಂದುಕೊಂಡ. ಗಾಯ ಮಾಯಲಿ, ಆಮೇಲೆ ಅಂದುಕೊಂಡ. ಅವಳ ಮುಖ ಸ್ವಲ್ಪ ತಿಳಿಯಾಗಲಿ ಅಂದುಕೊಂಡ. ಕಾಯಿರಿ ಅಂದರೆ ಉರಿದುಬೀಳುತ್ತಿದ್ದವನು ಈಗ ದಿನಾ ಕಾಯತೊಡಗಿದ. ಅವಳು ಮಾತ್ರ ಮಗನ ಮೇಲೆ ಕಣ್ಣಿಟ್ಟು, ಹೊದಿಕೆಯ ಕೆಳಗೆ ಕೈ ಹೋದರೆ ಸಾಕು, "ಕೈ! ಕೈ ಮೇಲೆ!" ಅನ್ನುವಳು. ಒಂದು ಸಲ ಹಾಲು ಚೆಲ್ಲಿದಾಗ "ಮುಟ್ಟಿದ್ದೆಲ್ಲ ಹಾಳು ಮಾಡ್ತೀಯಲ್ಲೋ" ಅಂದುಬಿಟ್ಟಳು. ಅಂದ ಮೇಲೆ ಅವಳೇ ಅಡುಗೆಮನೆಗೆ ಹೋಗಿ ಅತ್ತಳು. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಗಂಡನಿಗೆ ಅದು ಕೇಳಿಸಿತು. ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋದ. ಇಂಥವನಿಗೆ ಏನು ಅನ್ನಬೇಕು?

ನಟ್ಟು ಅಂಗಡಿಗೆ ಬರುತ್ತಿದ್ದ, ಆದರೆ ಡಬ್ಬಿ ಸುರಿಯುತ್ತಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ಸಾಹೇಬರು ತಪಾಸಣೆಗೆ ಬಂದ ಹಾಗೆ ನಿಲ್ಲುತ್ತಿದ್ದ. ಕಟಿಂಗ್ ಅಂಗಡಿಯವನು ನಗಾಡಿದ. "ಏನೋ ಮೇಸ್ತ್ರಿ, ಬಡ್ತಿ ಸಿಕ್ತಾ? ಕೈ ಕೊಳೆ ಮಾಡ್ಕೊಳ್ಳೋದೇ ಬಿಟ್ಟಿದ್ದೀಯಾ?"

"ನಾನು ಮುಟ್ಟಿದ್ರೆ ಹಾಳಾಗುತ್ತೆ" ಅಂದ ನಟ್ಟು.

ಟ್ಯೂಬು ಅದ್ದಿ ಗುಳ್ಳೆ ನೋಡುತ್ತಿದ್ದ ಅಪ್ಪನ ಕೈ ನೀರಿನೊಳಗೇ ನಿಂತಿತು. ಕಟಿಂಗಿನವನ ನಗು ಅರ್ಧಕ್ಕೇ ಉಳಿಯಿತು. "ಏನಾಯ್ತೋ ಇವನಿಗೆ?" ಅಂತ ಕೇಳಿದ. "ನಿನ್ನ ಕೆಲಸ ನೀನು ನೋಡ್ಕೊ, ಹೋಗು!" ಅಂತ ಇವನು ಬೀದಿಗೆ ಕೇಳುವಂತೆ ಅರಚಿದ. ಕೋಪ ಅಂದರೆ ಇಷ್ಟೇ, ಬೇಕಾದ ಕಡೆ ಬಾಯಿ ತೆರೆಯಲಾರದವನು ಬೇಡದ ಕಡೆ ಅರಚುವುದು.

ಆರು ತಿಂಗಳು ಕಳೆದು ಅದೇ ವಾರ್ಡು, ಕಿಟಕಿಯ ಪಕ್ಕದ ಇನ್ನೊಂದು ಮಂಚ. ಆಪರೇಷನ್ ಇದ್ದದ್ದು ಮಾರನೇ ದಿನಕ್ಕೆ. ಸಿಸ್ಟರ್ ಎರಡು ರಟ್ಟಿನ ಪಟ್ಟಿ ತಂದಳು. ಹತ್ತಿ ಸುತ್ತಿ, ಮೇಲೆ ಬಟ್ಟೆ ಹೊಲಿದು, ಕಟ್ಟಲು ಲಾಡಿ ಬಿಟ್ಟಿದ್ದರು. ನಾಳೆ ಎಚ್ಚರವಾದಾಗ ಹೆದರದಿರಲಿ ಅಂತ ಇವತ್ತೇ ಕಟ್ಟಿ ಅಭ್ಯಾಸ ಮಾಡಿಸುತ್ತೇವೆ ಅಂದಳು. ಹಿಂದೆಯೇ ಡಾಕ್ಟರಮ್ಮನೂ ಬಂದು ಬಲಗೆನ್ನೆಯೊಳಗೆ ಟಾರ್ಚು ಬಿಟ್ಟು ನೋಡಿದರು.

"ಎಷ್ಟು ದಿನ ಕಟ್ಟಿರ್ತೀರಿ?" ಅಂತ ತಾಯಿ ಕೇಳಿದಳು.

"ಹತ್ತು ದಿನ. ಊಟ ನೀವೇ ಮಾಡಿಸ್ಬೇಕು. ಮೂಗಿನ ಮೇಲೆ ನೊಣ ಕೂತ್ರೂ ನೀವೇ ಓಡಿಸ್ಬೇಕು. ಏನ್ಮಾಡೋದು, ಕಳೆದ ಸಲ ಹಾಗಾಯ್ತಲ್ಲ."

ನಟ್ಟು ಅಳಲಿಲ್ಲ, ಹಟ ಮಾಡಲಿಲ್ಲ. ಯಾರೂ ಕೇಳುವ ಮೊದಲೇ ಎರಡೂ ಕೈ ಮುಂದಕ್ಕೆ ಚಾಚಿದ.

"ಅವನಲ್ಲ" ಅಂದ ಪಂಕ್ಚರಿನವನು.

ಧ್ವನಿ ಹೊರಗೆ ಬಂದಿತೋ ಇಲ್ಲವೋ ಅಂತ ಅವನಿಗೇ ಅನುಮಾನ. ಇನ್ನೊಮ್ಮೆ ಹೇಳಿದ. "ಅವನಲ್ಲ ಡಾಕ್ಟ್ರೇ. ನಾನು. ಭಾನುವಾರ ಇವಳು ಸ್ನಾನಕ್ಕೆ ಹೋಗಿದ್ದಾಗ ಬಿಚ್ಚಿ ನೋಡ್ದೆ. ನೇರಳೆ ಬಣ್ಣ ಇತ್ತು, ಮಧ್ಯ ಉಬ್ಬಿತ್ತು. ಕೆಟ್ಟೋಗಿದೆ ಅನ್ಕೊಂಡೆ. ಹೆಬ್ಬೆಟ್ಟಲ್ಲಿ ಒತ್ತಿದೆ. ಜಾರ್ತು."

ಡಾಕ್ಟರಮ್ಮ ಟಾರ್ಚು ಆರಿಸಿದರು. "ನೇರಳೆ ಬಣ್ಣ ಇದ್ರೆ ರಕ್ತ ಹತ್ತುತ್ತಿತ್ತು ಅಂತ ಅರ್ಥ" ಅಂದರು. "ಇನ್ನೆರಡು ದಿನಕ್ಕೆ ಕೆಂಪಾಗ್ತಿತ್ತು." ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಹೆಂಡತಿ ಅವನನ್ನು ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು. ಮದುವೆಯಾದಂದಿನಿಂದ ನೀವು, ರೀ ಅಂತಲೇ ಕರೆದವಳು.

"ನೀನಾ?" ಅಂದಳು. "ಆರು ತಿಂಗಳು ಇವನನ್ನ ಬೈದೆನಲ್ಲೋ ನಾನು. ನಿನ್ನ ಮುಂದೇ ಬೈದೆನಲ್ಲೋ. ಅನ್ನ ಹೇಗೆ ಇಳೀತೋ ನಿನಗೆ?"

ಅವನು ಮಂಚದ ಪಕ್ಕ ಮಂಡಿಯೂರಿ ಮಗನ ಮುಖದ ಮಟ್ಟಕ್ಕೆ ಬಂದ. "ನಟ್ಟು, ನೀನಲ್ಲ ಕಣೋ. ನೀನು ಮುಟ್ಟೇ ಇಲ್ಲ. ಅಪ್ಪ ಮುಟ್ಟಿದ್ದು. ಅಪ್ಪ ಸುಳ್ಳು ಹೇಳ್ದೆ. ನೆನಪಿದೆ ಅಲ್ವಾ? ಯಾರಿಗೂ ಹೇಳ್ಬೇಡ ಅಂದಿದ್ದೆ."

ನಟ್ಟು ತಲೆ ಅಲ್ಲಾಡಿಸಿದ. "ಇಲ್ಲ. ನಾನೇ."

"ಅಲ್ಲ ಕಣೋ ಕಂದಾ, ಅಪ್ಪ..."

"ನಾನೇ ಮುಟ್ಟಿದ್ದು" ಅಂದ ನಟ್ಟು, ಯಾರೋ ತನ್ನದನ್ನು ಕಿತ್ತುಕೊಳ್ಳಲು ಬಂದ ಹಾಗೆ ಧ್ವನಿ ಏರಿಸಿ. "ನಿದ್ದೇಲಿ ಮುಟ್ಟಿದೆ. ಕೆರ್ಕೊಂಡೆ. ನನ್ನ ಕೈಯಿಂದನೇ ಹೋಯ್ತು." ಬಲಗೈ ಎತ್ತಿ, ಯಾವ ಕೈ ಅಂತಲೂ ತೋರಿಸಿದ.

ತಾಯಿ ಅವನ ಆ ಕೈಯನ್ನು ತನ್ನ ಎರಡು ಕೈಯಲ್ಲೂ ಅಮುಕಿಕೊಂಡು ಕುಸಿದು ಕೂತಳು. ಡಾಕ್ಟರಮ್ಮ ಸಿಸ್ಟರಿಗೆ ಪಟ್ಟಿ ತೆಗೆದುಕೊಂಡು ಹೋಗು ಅಂದರು. "ಕಟ್ಟೋದು ಬೇಡ. ತಾಯಿ ಜೊತೇಲಿರ್ತಾರೆ. ನೀನು ಮಾತ್ರ ಹತ್ತು ದಿನ ವಾರ್ಡಿನೊಳಗೆ ಬರಬೇಡಪ್ಪ."

ಅವನು ಆಗಲಿ ಅಂದ. ಆದರೆ ಪಟ್ಟಿ ದೂರ ಹೋಗುವುದನ್ನು ಕಂಡೊಡನೆ ನಟ್ಟು ಕಿರುಚತೊಡಗಿದ. ಅಷ್ಟು ಸೂಜಿ ಚುಚ್ಚಿದಾಗಲೂ ಅಳದವನು ಅಂದು ವಾರ್ಡಿನ ಮಂಚಗಳೆಲ್ಲ ಎದ್ದು ಕೂರುವಂತೆ ಅತ್ತ. "ಕಟ್ಟಿ! ಕಟ್ಟಿ! ಇಲ್ಲಾಂದ್ರೆ ಮುಟ್ಬಿಡ್ತೀನಿ! ಮತ್ತೆ ಹೋಗುತ್ತೆ!"

ತಾಯಿ ರಮಿಸಿದಳು. ಸಿಸ್ಟರ್ ಗೊಂಬೆ ತಂದಳು. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಡಾಕ್ಟರಮ್ಮ, ಇವತ್ತಿಗೆ ಕಟ್ಟಿ, ಮಲಗಿದ ಮೇಲೆ ಬಿಚ್ಚಿದರಾಯಿತು ಅಂದರು. ಸಿಸ್ಟರ್ ಪಟ್ಟಿ ಹಿಡಿದು ಬಂದಾಗ ಹೆಂಡತಿ ಅದನ್ನು ಕಸಿದುಕೊಂಡು ಗಂಡನ ಎದೆಗೆ ಒತ್ತಿದಳು.

"ನೀನೇ ಕಟ್ಟು. ಕಟ್ಟಿ ಆಚೆ ಹೋಗು."

ಅವನು ಕಟ್ಟಿದ. ಲಾರಿ ಟೈರು ಬಿಚ್ಚುವ ಬೆರಳುಗಳಿಗೆ ಆ ಸಣ್ಣ ಲಾಡಿ ಸಿಗಲೊಲ್ಲದು. ಮೊದಲ ಗಂಟು ಜಾರಿತು, ಎರಡನೆಯದು ಜಾರಿತು. ಮೂರನೆಯದನ್ನು ಬೇಕೆಂದೇ ಸಡಿಲ ಬಿಟ್ಟ. ನಟ್ಟು ಅಳು ನಿಲ್ಲಿಸಿ, ಬಿಕ್ಕುತ್ತಲೇ, ಮೊಣಕೈ ಮಡಚಲು ಆಗುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿ ನೋಡಿದ. ಸ್ವಲ್ಪ ಮಡಚಿತು.

"ಇನ್ನೂ ಬಿಗಿಯಾಗಿ, ಅಪ್ಪ" ಅಂದ.